ಮನಸ್ಸು ಕರಗದ ದಿನದ ಆರಾಧನೆ ಸುಳ್ಳಾಗುತ್ತದೆಯೇ?

ಪ್ರಶ್ನೆ (ಹುಮನಾಬಾದಿನ ಸಭಾಸದಸ್ಯ):
ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನಮ್ಮ ಕ್ರೈಸ್ತ ಸಭೆಯಲ್ಲಿ ಈಚೆಗೆ ಆರಾಧನೆಯ ಮೊದಲ ಮುಕ್ಕಾಲು ಗಂಟೆ ಕೀಬೋರ್ಡು ಮತ್ತು ದೊಡ್ಡ ಸ್ಪೀಕರುಗಳೊಂದಿಗೆ ಸ್ತುತಿಗೀತೆಗಳು ನಡೆಯುತ್ತವೆ. ಕೈಯೆತ್ತಿ ಅಳುವವರೂ ಇದ್ದಾರೆ. ಹಿರಿಯರು ಗೀತೆಯ ಪುಸ್ತಕ ಹಿಡಿದು ನಿಂತು, ಇದು ಬರೀ ಗದ್ದಲವೆಂದು ಗೊಣಗುತ್ತಾರೆ. ನನಗಾದರೋ ಎಷ್ಟೋ ಸಲ ಎರಡರಲ್ಲಿಯೂ ಮನಸ್ಸು ಕರಗುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಂತೂ ರಾತ್ರಿಯೆಲ್ಲ ಕಣದಲ್ಲಿದ್ದು ಬಂದವನಿಗೆ ಪ್ರಸಂಗದ ನಡುವೆಯೇ ಕಣ್ಣು ಎಳೆಯುತ್ತದೆ. ಇಂಥ ಆರಾಧನೆಯನ್ನು ದೇವರು ಒಪ್ಪುತ್ತಾನೆಯೇ? ಯಥಾರ್ಥವಾದ ಆರಾಧನೆಯನ್ನು ಗುರುತಿಸುವುದು ಹೇಗೆ?

ಉತ್ತರ (ಬೀದರಿನ ನಿವೃತ್ತ ಶಿಕ್ಷಕಿ):
ಸಹೋದರರೇ, ಕಣ್ಣೀರನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸಮಾರ್ಯದ ಸ್ತ್ರೀ, ಆರಾಧಿಸಬೇಕಾದದ್ದು ಈ ಬೆಟ್ಟದಲ್ಲಿಯೋ ಯೆರೂಸಲೇಮಿನಲ್ಲಿಯೋ ಎಂಬ ವಿವಾದವನ್ನು ಎತ್ತುತ್ತಾಳೆ. ಅದಕ್ಕೆ ಸ್ವಲ್ಪ ಮೊದಲು ಯೇಸು ಆಕೆಯ ಗಂಡನ ವಿಷಯ ಕೇಳಿದ್ದನು, ಆಕೆ ಮುಚ್ಚಿಟ್ಟಿದ್ದ ಬದುಕು ಬಾವಿಯ ಕಟ್ಟೆಯ ಮೇಲೆಯೇ ಬಯಲಾಗಿತ್ತು. ತಂದೆಯನ್ನು ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕೆಂಬ ಮಾತು ಬಂದದ್ದು ಆ ನಂತರ. ಇದ್ದದ್ದನ್ನು ಇದ್ದ ಹಾಗೆ ದೇವರ ಮುಂದೆ ಇಡುವುದೇ ಆ ಸತ್ಯದ ಮೊದಲ ಹೆಜ್ಜೆ ಎಂದು ನನಗೆ ತೋರುತ್ತದೆ. ಬೈಬಲಿನ 88ನೆಯ ಕೀರ್ತನೆಯನ್ನು ಒಮ್ಮೆ ಕೊನೆಯವರೆಗೆ ಓದಿ ನೋಡಿ: ಅದು ಸಮಾಧಾನವಿಲ್ಲದೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಆದರೂ ಇಸ್ರಾಯೇಲರು ಅದನ್ನು ತಮ್ಮ ಪ್ರಾರ್ಥನೆಯ ಹಾಡುಗಳಲ್ಲಿ ಉಳಿಸಿಕೊಂಡರು. “ಕರ್ತನೇ, ಇವತ್ತು ನನ್ನ ಮನಸ್ಸು ಒಣಗಿದೆ” ಎಂದು ಹೇಳಿ ಕುಳಿತವನ ಆರಾಧನೆ ಸುಳ್ಳಲ್ಲ. ಕರಗದ ಮನಸ್ಸನ್ನು ಕರಗಿದಂತೆ ತೋರಿಸುವುದು ಸುಳ್ಳು. ನಿದ್ದೆಯ ವಿಷಯಕ್ಕೆ ಬೇರೆ ಉಪಾಯವಿಲ್ಲ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.

ಉತ್ತರ (ಯಾದಗಿರಿಯ ಸಂಡೇ ಸ್ಕೂಲ್ ಶಿಕ್ಷಕ):
ಅಕ್ಕನವರ ಮಾತು ಸರಿಯಾದರೂ ಅದು ಒಳಗಿನ ಮನಸ್ಸಿಗೆ ಮಾತ್ರ ನಿಲ್ಲಬಾರದು. ಪ್ರವಾದಿ ಆಮೋಸನ ಕಾಲದವರ ಗೀತೆಗಳಲ್ಲಿ ಸ್ವರದ ದೋಷವಿರಲಿಲ್ಲ. ಊರಬಾಗಿಲಿನಲ್ಲಿ ಬಡವರ ನ್ಯಾಯ ತಪ್ಪಿಸುತ್ತಿದ್ದ ಜನ ಹಾಡುತ್ತಿದ್ದುದರಿಂದ ಆ ಗದ್ದಲವನ್ನು ತೊಲಗಿಸಿರೆಂದು ದೇವರು ಹೇಳಿದನು. ಕೊರಿಂಥದ ಸಭೆಯಲ್ಲಿಯೂ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದಿರುವುದನ್ನು ಕಂಡ ಅಪೊಸ್ತಲ ಪೌಲನು, ನೀವು ಮಾಡುತ್ತಿರುವುದು ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವೇ ಅಲ್ಲ ಎಂದು ಬರೆದನು. ನಾನು ಹೋಗಿದ್ದ ಒಂದು ಸಭೆಯಲ್ಲಿ ಸುಗ್ಗಿಯ ಕಾಣಿಕೆ ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಮೈಕಿನಲ್ಲಿ ಓದಿದರು. ಒಂದು ಸೇರು ಜೋಳ ತಂದಿದ್ದ ಮುದುಕಿ ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡು ಹಿಂದೆಯೇ ಕುಳಿತಿದ್ದಳು. ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಶಿಷ್ಯರಿಗೆ ತೋರಿಸಿದ ಕಥೆಯನ್ನು ನಾವು ಮಕ್ಕಳಿಗೆ ಪ್ರತಿವರ್ಷ ಕಲಿಸುತ್ತೇವೆ! ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನೊಂದಿಗೆ ಒಂದಾಗಿರೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಹೇಳಿರುವುದು ಇದೇ ಕಾರಣಕ್ಕೆ.

ಉತ್ತರ (ಕಲಬುರಗಿಯಿಂದ):
ವಾದ್ಯಗಳ ಜಗಳಕ್ಕೆ 150ನೆಯ ಕೀರ್ತನೆ ಸಾಕು. ಅಲ್ಲಿ ದಮ್ಮಡಿಯೂ ಇದೆ, ತಾಳವೂ ಇದೆ. ಕೀಬೋರ್ಡಿಗೆ ಮುಖ ಸಿಂಡರಿಸುವ ನಮ್ಮ ಹಿರಿಯರೇ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋದಾಗ ಡೋಲಕ್ಕಿನ ಜೊತೆಗೆ ಬೆಳಗಿನ ತನಕ ಭಜನೆ ಹಾಡುತ್ತಾರೆ. ಸ್ಪೀಕರಿನ ಸದ್ದಿನಲ್ಲಿ ಸಭೆಯವರ ದನಿಯೇ ಕೇಳಿಸದಿದ್ದರೆ ಮಾತ್ರ ಪಾಸ್ಟರ್ ಅವರಿಗೆ ಹೇಳಬೇಕು, ಏಕೆಂದರೆ ಆಗ ಹಾಡುವವರು ನಾಲ್ವರು, ಉಳಿದವರು ಪ್ರೇಕ್ಷಕರು.

ಪ್ರಶ್ನೆ ಕೇಳಿದವರಿಂದ:
ತಮ್ಮೆಲ್ಲರಿಗೂ ಧನ್ಯವಾದಗಳು. ಮತ್ತಾಯ 5ರ ಮಾತು ನನಗೆ ನೇರವಾಗಿ ತಾಗಿತು. ಹೊಲದ ಬದುವಿನ ತಕರಾರಿನಿಂದ ನಾನೂ ನಮ್ಮ ಅಣ್ಣನೂ ಮಾತು ಬಿಟ್ಟು, ಒಂದೇ ಸಭೆಯಲ್ಲಿ ಬೇರೆ ಬೇರೆ ಕಡೆ ಕುಳಿತುಕೊಳ್ಳುತ್ತೇವೆ. ನಾನಾಗಿ ಹೋದರೂ ಅವನು ಮುಖ ತಿರುಗಿಸಿದರೆ ಕರ್ತನ ಭೋಜನ ತೆಗೆದುಕೊಳ್ಳಬಹುದೇ?

ಉತ್ತರ (ಬೀದರಿನ ನಿವೃತ್ತ ಶಿಕ್ಷಕಿ):
ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಿರೆಂದು ಆರಂಭವಾಗುವ ರೋಮಾಪುರದವರ ಪತ್ರದ 12ನೆಯ ಅಧ್ಯಾಯದಲ್ಲಿಯೇ, ಸಾಧ್ಯವಾದರೆ ನಿಮ್ಮಿಂದಾಗುವ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂಬ ಮಾತಿದೆ. ನಿಮ್ಮಿಂದಾಗುವುದನ್ನು ಮಾಡಿದ ಮೇಲೆ ಧೈರ್ಯವಾಗಿ ತೆಗೆದುಕೊಳ್ಳಿ. ಮೊದಲ ಸಲ ಒಬ್ಬರೇ ಹೋಗಿ, ಬದುವಿನ ಮಾತು ಎತ್ತದೆ ಅತ್ತಿಗೆಯವರ, ಮಕ್ಕಳ ಯೋಗಕ್ಷೇಮ ಕೇಳಿ ಬನ್ನಿ. ಅಣ್ಣನವರು ಮಾತನಾಡದಿದ್ದರೆ, ಮತ್ತಾಯ 18ರಲ್ಲಿರುವಂತೆ ಇಬ್ಬರಿಗೂ ಬೇಕಾದ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ಮತ್ತೆ ಹೋಗಿ. ಬದುವಿನ ಅಳತೆಯ ಮಾತನ್ನು ಅವರ ಎದುರಿನಲ್ಲಿಯೇ ಆಡಿ.