ಅಪ್‌ಡೇಟ್: ಅಗ್ನಿಶಾಮಕರ ಸ್ಮರಣಾರ್ಥ ಮಂಗಳೂರು–ಉಡುಪಿ ಸೈಕಲ್ ಸವಾರಿ

ಕರ್ತವ್ಯದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಕುಟುಂಬಗಳ ನೆರವಿಗಾಗಿ ಮಂಗಳೂರಿನಿಂದ ಉಡುಪಿಗೆ ಸೈಕಲ್ ಸವಾರಿ ನಡೆಸಲು ಯಾವ ದಿನ, ಯಾವ ದಾರಿ ಸೂಕ್ತ, ಹಣವನ್ನು ಹೇಗೆ ಸಂಗ್ರಹಿಸಬೇಕು ಎಂದು ಕೇಳಿದ್ದೆ. ಸವಾರಿ ಸುಸೂತ್ರವಾಗಿ ಮುಗಿದಿದೆ. ಸಲಹೆ ನೀಡಿದವರೆಲ್ಲರಿಗೂ ವಂದನೆಗಳು.

ದಿನದ ಬಗ್ಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಹಾಗೂ ಸ್ಫೋಟಕಗಳನ್ನು ಹೇರಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, ಬೆಂಕಿ ನಂದಿಸಲು ಹೋಗಿದ್ದ 66 ಅಗ್ನಿಶಾಮಕರು ಪ್ರಾಣ ತೆತ್ತ ಕಾರಣ, ದೇಶದಾದ್ಯಂತ ಅಂದೇ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. ಕರಾವಳಿಯ ಏಪ್ರಿಲ್ ಸೆಕೆಯನ್ನು ಬಲ್ಲವರು ಹೇಳಿದಂತೆ, ಬೆಳಕು ಹರಿಯುವ ಮೊದಲೇ ಹೊರಟೆವು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೂಳೂರು ಸೇತುವೆಯ ಮೇಲೆ ಲಾರಿಗಳು ಮೈಗೆ ಒರೆಸಿಕೊಂಡೇ ಹೋಗುತ್ತವೆಯೇನೋ ಎನಿಸುವುದರಿಂದ, ಅಲ್ಲಿ ಒಬ್ಬರ ಹಿಂದೊಬ್ಬರಂತೆ ಸಾಗಿದೆವು. ಕಾಪುವಿನಲ್ಲಿ ಹೆದ್ದಾರಿ ಬಿಟ್ಟು ಮಟ್ಟು ಮಾರ್ಗವಾಗಿ ಕಡಲ ಬದಿಯಲ್ಲೇ ಮಲ್ಪೆಗೆ ಹೋಗಿ ಎಂಬ ಸಲಹೆಯಂತೂ ಅಮೂಲ್ಯವಾಗಿತ್ತು. ಹ್ಯಾಂಡಲ್‌ಗೆ ಕಟ್ಟಿದ್ದ ಕಪ್ಪು ಪಟ್ಟಿಗಳು ಗಾಳಿಗೆ ಬ್ರೇಕ್ ಕೇಬಲ್‌ಗೆ ಸುತ್ತಿಕೊಳ್ಳುತ್ತಿದ್ದುದರಿಂದ, ಸುರತ್ಕಲ್‌ನಲ್ಲಿ ನಿಂತು ಅವನ್ನು ತೋಳಿಗೆ ಕಟ್ಟಿಕೊಂಡೆವು.

ಹಣದ ವಿಷಯದಲ್ಲಿ, ನಮ್ಮದು ನೋಂದಾಯಿತ ಸಂಸ್ಥೆಯಲ್ಲದ ಕಾರಣ ತೆರಿಗೆ ವಿನಾಯಿತಿಯ ರಸೀದಿ ಕೊಡುವಂತಿರಲಿಲ್ಲ. ಆದ್ದರಿಂದ ದಾನಿಗಳು ನೋಂದಾಯಿತ ಟ್ರಸ್ಟೊಂದರ ಖಾತೆಗೇ ನೇರವಾಗಿ ಪಾವತಿಸಿದರು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗದೆಂಬುದನ್ನು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಜಮೆಯಾದ ಮೊತ್ತದ ಲೆಕ್ಕವನ್ನು ಟ್ರಸ್ಟ್ ಎಲ್ಲ ದಾನಿಗಳಿಗೂ ಕಳುಹಿಸಿದೆ.