ಆ ಆ್ಯಪ್ ತೆಗೆಯಿರಿ ಚಿಕ್ಕಪ್ಪ

ಚಿಕ್ಕಪ್ಪ: (ಫಾರ್ವರ್ಡ್ ವಿಡಿಯೊ) ನಿಮ್ಮ ಆಫೀಸಿನಲ್ಲಿ ಕದ್ದು ಕೇಳುವ ಮೈಕ್ ಇದೆಯೇ? ಈ ಆ್ಯಪ್ 10 ಸೆಕೆಂಡಿನಲ್ಲಿ ಹೇಳುತ್ತೆ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಾನು ಹಾಕಿಕೊಂಡೆ. ಆಫೀಸಿನ ಗೋಡೆಗೆ ಹಿಡಿದರೆ ಬೀಪ್ ಬೀಪ್ ಅಂತಿದೆ. ಎರಡು ಸೀಸನ್ನಿಂದ ನಾನು ಪ್ಯಾಂಟಿಗೆ ಏನು ರೇಟ್ ಹೇಳಿದರೂ ಎದುರಿನ ಯೂನಿಟ್‌ನವನು ಐದು ರೂಪಾಯಿ ಕಡಿಮೆ ಹೇಳ್ತಾನೆ. ಹೇಗೆ ಅಂತ ಈಗ ಗೊತ್ತಾಯ್ತು. ನಾಳೆ ಗೋಡೆ ಒಡೆಸ್ತೀನಿ.

ಚಿಕ್ಕಮ್ಮ: ಬಣ್ಣ ಹೊಡೆಸಿ ಮೂರು ತಿಂಗಳಾಗಿಲ್ಲ!

ನಾನು: ಚಿಕ್ಕಪ್ಪ, ಒಡೆಯಬೇಡಿ. ಅದೇ ಫೋನನ್ನ ಹೊಲಿಗೆ ಮಷಿನ್ ಹತ್ತಿರ ಹಿಡಿಯಿರಿ. ಆಮೇಲೆ ಬೀರು ಹತ್ತಿರ.

ಚಿಕ್ಕಪ್ಪ: ಎರಡಕ್ಕೂ ಬೀಪ್ ಅಂತು. ಜೋರಾಗೇ ಅಂತು.

ನಾನು: ಇಂಥ ಆ್ಯಪ್‌ಗಳು ಜಾಸ್ತಿ ನಂಬಿಕೊಂಡಿರೋದು ಫೋನಿನ ದಿಕ್ಸೂಚಿ ಸೆನ್ಸರನ್ನ. ಭೂಮಿಯ ಕಾಂತಶಕ್ತಿಗೆ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ (ಕಾಂತದ ಬಲ ಅಳೆಯೋ ಮಾನ) ತೋರಿಸುತ್ತೆ. ಕಬ್ಬಿಣ ಹತ್ತಿರ ಬಂದರೆ ಆ ಅಂಕಿ ಏರುಪೇರಾಗುತ್ತೆ, ಕೂಗುತ್ತೆ. ನಿಮ್ಮ ಗೋಡೆಯಲ್ಲಿ ಇರೋದು ಪಿಲ್ಲರ್ ಕಂಬಿ.

ಅಕ್ಕ: ಇನ್ನೊಂದು. ಮೈಕ್ ಹುಡುಕೋ ಆ್ಯಪ್‌ಗೆ ನಮ್ಮ ಫೋನಿನ ಮೈಕ್ ಪರ್ಮಿಷನ್ ಯಾಕೆ ಬೇಕು? ಕಾಂಟ್ಯಾಕ್ಟ್ ಬೇರೆ ಕೇಳ್ತಿದೆ. ನಾನು ತೆಗೆದೆ.

ಗಂಗಾವತಿ ಮಾಮ: ನೀವೆಲ್ಲ ಸುಮ್ನಿರಿ. ಮಾಸ್ಕೋದಲ್ಲಿ 1945ರಲ್ಲಿ ರಷ್ಯಾದ ಮಕ್ಕಳು ಅಮೆರಿಕ ರಾಯಭಾರಿಗೆ ಮರದ ಲಾಂಛನ ಕೊಟ್ಟರು. ಅದರೊಳಗೆ ಮೈಕು! ಅವನ ಮನೆ ಗೋಡೆ ಮೇಲೆ 1952ರ ತನಕ ನೇತಾಡ್ತಿತ್ತು. ಅಮೆರಿಕದವರಿಗೇ ಸಿಗಲಿಲ್ಲ, ಬಳ್ಳಾರಿ ಕೌಲ್ ಬಜಾರ್‌ನಲ್ಲಿ ನಿಮಗೆ ಸಿಗುತ್ತಾ? ಗೋಡೆ ಒಡೆಯೋದೇ ಸರಿ.

ನಾನು: ಮಾಮ, ಕಥೆ ನಿಜ. ಅದರಲ್ಲಿ ಬ್ಯಾಟರಿ ಇರಲಿಲ್ಲ, ವೈರ್ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಕೆಲಸ ಮಾಡ್ತಿತ್ತು, ಅಲೆ ನಿಂತರೆ ಸುಮ್ನೆ ಮರದ ತುಂಡು. ಅದಕ್ಕೇ ಅಷ್ಟು ವರ್ಷ ಸಿಗಲಿಲ್ಲ. ಪ್ಯಾಂಟಿನ ರೇಟ್ ತಿಳಿಯೋಕೆ ಯಾರು ಅಷ್ಟು ಕಷ್ಟಪಡ್ತಾರೆ? ಈಗ ಸಿಮ್ ಹಾಕೋ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಗುತ್ತೆ. ಎಲ್ಲಿಂದಲೋ ಕಾಲ್ ಮಾಡಿದರೆ ಸದ್ದಿಲ್ಲದೆ ಎತ್ತಿಕೊಂಡು ಕೇಳಿಸುತ್ತೆ.

ಚಿಕ್ಕಪ್ಪ: ನೋಡಿದ್ಯಾ! ಅದನ್ನ ಹಿಡಿಯೋ ಮಷಿನ್ ಇದೆಯಂತಲ್ಲ?

ನಾನು: ಆರ್‌ಎಫ್ ಡಿಟೆಕ್ಟರ್, ಅಂದ್ರೆ ರೇಡಿಯೋ ಅಲೆ ಪತ್ತೆ ಮಾಡೋ ಮಷಿನ್. ಆ ಡಬ್ಬಿ ಅಲೆ ಕಳಿಸ್ತಾ ಇದ್ದರೆ ಮಾತ್ರ ಕೂಗುತ್ತೆ. ನಿಮ್ಮ ವೈಫೈಗೂ ಕೂಗುತ್ತೆ, ಪಕ್ಕದವರ ಫೋನಿಗೂ ಕೂಗುತ್ತೆ. ಬರೀ ರೆಕಾರ್ಡ್ ಮಾಡ್ಕೊಂಡು ಕೂತಿರೋ ವಾಯ್ಸ್ ರೆಕಾರ್ಡರ್ ಏನನ್ನೂ ಕಳಿಸಲ್ಲ, ಅದು ಸಿಗಲ್ಲ. ಆಫ್ ಆಗಿರೋದನ್ನೂ ಹಿಡಿಯೋ ದೊಡ್ಡ ಉಪಕರಣ ಇದೆ, ಎಲೆಕ್ಟ್ರಾನಿಕ್ ಚಿಪ್ ಒಳಗಿನ ಜೋಡಣೆಯನ್ನ ಗುರುತಿಸುತ್ತೆ. ಆದರೆ ತುಕ್ಕು ಹಿಡಿದ ಮೊಳೆಗೂ ಅದು ಮೋಸ ಹೋಗಬಹುದು, ಪಳಗಿದವರೇ ಬೇಕು.

ಚಿಕ್ಕಮ್ಮ: ಹಾಗಾದರೆ ಮಾಡೋದೇನು?

ನಾನು: ಸ್ಕ್ರೂಡ್ರೈವರ್, ಟಾರ್ಚ್, ಒಂದು ಭಾನುವಾರ. ಬ್ಯಾಟರಿ ಬೇಗ ಖಾಲಿಯಾಗುತ್ತೆ, ಅದಕ್ಕೆ ಇಂಥವನ್ನ ಕರೆಂಟ್ ಸಿಗೋ ಕಡೆ ಇಡೋದು ಜಾಸ್ತಿ. ಎಕ್ಸ್‌ಟೆನ್ಷನ್ ಬಾಕ್ಸ್, ಚಾರ್ಜರ್, ಸ್ವಿಚ್ ಬೋರ್ಡ್. ನೀವು ಕೊಳ್ಳದೇ ಬಂದ ಪ್ಲಗ್ ಯಾವುದಾದರೂ ಇದೆಯಾ ನೋಡಿ. ಗಿಫ್ಟ್ ಬಂದ ಗಡಿಯಾರ ಬಿಚ್ಚಿ. ಆಫೀಸಿನೊಳಗೆ ಕೂತು ಇದರ ಬಗ್ಗೆ ಮಾತಾಡಬೇಡಿ, ಕೇಳೋರು ಇದ್ದರೆ ಅವರಿಗೇ ಸುಳಿವು ಕೊಟ್ಟ ಹಾಗೆ.

ಚಿಕ್ಕಪ್ಪ: ಟೇಬಲ್ ಕೆಳಗಿನ ಎಕ್ಸ್‌ಟೆನ್ಷನ್ ಬಾಕ್ಸ್ ಯಾರು ತಂದರೋ ನನಗೂ ನೆನಪಿಲ್ಲ. ಈಗಲೇ ಬಿಚ್ತೀನಿ.

ನಾನು: ಮೊದಲು ಪ್ಲಗ್ ತೆಗೆಯಿರಿ!!

(ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ. ಮಾಮ ಒಬ್ಬರು ಶುಭರಾತ್ರಿ ಗುಲಾಬಿ ಕಳಿಸಿದರು.)

ಚಿಕ್ಕಪ್ಪ: ಬಿಚ್ಚಿದೆ. ಎರಡು ಹಲ್ಲಿ ಮೊಟ್ಟೆ, ಮೂರು ವೈರು. (ಫೋಟೊ)

ಅಕ್ಕ: ಚಿಕ್ಕಪ್ಪ, ಫೋಟೊದಲ್ಲಿ ನಿಮ್ಮ ಹಿಂದೆ ವೈಟ್‌ಬೋರ್ಡ್ ಇದೆಯಲ್ಲ, ಅದು ಈ ಸೀಸನ್ ರೇಟ್ ಅಲ್ವಾ? ಪಾರ್ಟಿ ಹೆಸರಿನ ಸಮೇತ ಓದೋಕಾಗ್ತಿದೆ.

ಗಂಗಾವತಿ ಮಾಮ: ದೀಪಾವಳಿ ಪೂಜೆ ಫೋಟೊದಲ್ಲೂ ಅದೇ ಬೋರ್ಡ್ ಇತ್ತು. ನಾನು ಸ್ಟೇಟಸ್‌ಗೆ ಹಾಕಿದ್ದೆ, ಚೆನ್ನಾಗಿ ಬಂದಿತ್ತು ಅಂತ.

ಚಿಕ್ಕಮ್ಮ: ಈ ಗುಂಪಲ್ಲಿ ಎಷ್ಟು ಜನ ಇದೀವಿ?

ಅಕ್ಕ: 63. ಅದರಲ್ಲಿ ನಾಲ್ಕು ನಂಬರ್ ಯಾರದು ಅಂತ ನನಗೆ ಗೊತ್ತಿಲ್ಲ.

ಚಿಕ್ಕಪ್ಪ: ಫೋಟೊ ಡಿಲೀಟ್ ಮಾಡಿದೆ.

ನಾನು: ನಿಮ್ಮ ಫೋನಲ್ಲಿ ಮಾತ್ರ ಆಗಿದೆ ಚಿಕ್ಕಪ್ಪ. ನಮಗೆಲ್ಲ ಇನ್ನೂ ಕಾಣ್ತಿದೆ.