9 ತಿಂಗಳ ಮಗುವನ್ನು ಕಕ್ಕಕ್ಕೆ ಕೂರಿಸೋದು ಬೇಗ ಆಯ್ತಾ? ಅತ್ತೆ ಒಂದು ಹೇಳ್ತಾರೆ, ಡಾಕ್ಟರು ಇನ್ನೊಂದು

ದೂರದೂರಿನ ಅಮ್ಮ:

ಮಗುವಿಗೆ 9 ತಿಂಗಳು, ಇರೋದು ಅಮೆರಿಕದಲ್ಲಿ. ಊರಿಂದ ಬಂದಿರುವ ಅತ್ತೆ, "ಇನ್ನೂ ಡೈಪರ್ ಯಾಕಮ್ಮಾ, ನಮ್ಮ ಮಕ್ಕಳೆಲ್ಲ ವರ್ಷ ತುಂಬೋ ಹೊತ್ತಿಗೆ ಹೇಳ್ತಿದ್ವು" ಅಂತಾರೆ. ಇಲ್ಲಿನ ಮಕ್ಕಳ ಡಾಕ್ಟರು 18 ತಿಂಗಳಿಗೆ ಮುಂಚೆ ಆ ಯೋಚನೆಯೇ ಬೇಡ ಅಂತಾರೆ. ಬೇಗ ಶುರು ಮಾಡಿದರೆ ಮಲಬದ್ಧತೆ, ಹಟ ಎರಡೂ ಬರುತ್ತೆ ಅಂತಲೂ ಕೇಳಿದೀನಿ. ಮುಂದಿನ ತಿಂಗಳಿಂದ ಮಗು ಡೇಕೇರ್‌ಗೆ ಹೋಗುತ್ತೆ. ಯಾವಾಗ, ಹೇಗೆ ಶುರು ಮಾಡಬೇಕು? ವಿಷಯ ಗೊತ್ತಿರೋರು ವಿವರವಾಗಿ ಹೇಳಿ.

ಹಿತ್ತಲಮಾತು:

ನಿಮ್ಮ ಅತ್ತೆ ಹೇಳೋದು ದೊಡ್ಡವರು ಕೂರಿಸಿದಾಗ ಮಗು ಮಾಡುವುದರ ಬಗ್ಗೆ. ಡಾಕ್ಟರು ಹೇಳೋದು ಮಗುವೇ ಬಂದು ಹೇಳಿ, ಚಡ್ಡಿ ಇಳಿಸಿ, ಕೂತು, ಎದ್ದು ಬರುವುದರ ಬಗ್ಗೆ. ಮೊದಲನೆಯದು ಕೆಲವೇ ತಿಂಗಳ ಕೂಸಿಗೂ ಸಾಧ್ಯ. ಎರಡನೆಯದಕ್ಕೆ ನಡಿಗೆ, ಮಾತು, ಕೈಯ ಹಿಡಿತ, ತಡೆದುಕೊಳ್ಳುವ ಶಕ್ತಿ ಎಲ್ಲ ಬೇಕು. ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡು ವಾದ ಮಾಡೋದರಿಂದಲೇ ಮನೆಮನೆಯಲ್ಲಿ ಈ ಜಗಳ.

ಕೆನ್ಯಾದ ಕರಾವಳಿ ಕಡೆಯ ಡಿಗೋ ಜನರ ಬಗ್ಗೆ 1977ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿ ತಾಯಂದಿರು ಮಗು ಹುಟ್ಟಿದ ಎರಡು-ಮೂರು ವಾರಕ್ಕೇ ಶುರು ಮಾಡುತ್ತಿದ್ದರು. ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ನಡುವೆ ಹಿಡಿದು "ಶೂ" ಅಂತ ಸದ್ದು ಮಾಡುತ್ತಿದ್ದರು. 5-6 ತಿಂಗಳ ಹೊತ್ತಿಗೆ ಮಗು ಬಹುಮಟ್ಟಿಗೆ ಒದ್ದೆ ಮಾಡಿಕೊಳ್ಳದೆ ಇರಬೇಕು ಅನ್ನೋದು ಅಲ್ಲಿನ ನಿರೀಕ್ಷೆಯಾಗಿತ್ತು. ನಮ್ಮ ಬಾಣಂತಿ ಕೋಣೆಯಲ್ಲಿ ಅಜ್ಜಿ ಕಾಲು ನೀಡಿ ಕೂತು "ಸ್ಸ್ ಸ್ಸ್" ಅನ್ನೋದಕ್ಕೂ ಇದಕ್ಕೂ ಎಷ್ಟು ಹೋಲಿಕೆ ನೋಡಿ. ವಿಯೆಟ್ನಾಂನಲ್ಲಿ ಸಿಳ್ಳೆಯ ಸದ್ದು ಬಳಸುತ್ತಾರೆ. ಅಲ್ಲಿನ ತಾಯಂದಿರ ಬಗ್ಗೆ ಸ್ವೀಡನ್ನಿನ ಸಂಶೋಧಕರು ಸೇರಿ ಮಾಡಿದ ಅಧ್ಯಯನದಲ್ಲಿ, 9 ತಿಂಗಳಿಗೆ ಪಾಟಿ (ಮಕ್ಕಳನ್ನು ಕಕ್ಕ, ಉಚ್ಚೆಗೆ ಕೂರಿಸುವ ಪುಟ್ಟ ಕುಂಡ) ರೂಢಿಯಾಗಿತ್ತು, 24 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ನಿಭಾಯಿಸುತ್ತಿದ್ದವು. ಚೀನಾದಲ್ಲಿ ಕೂತರೆ ತಾನೇ ತೆರೆದುಕೊಳ್ಳುವ ಸೀಳು ಚಡ್ಡಿ ಇದೆ. ನಗರಗಳಲ್ಲಿ ಈಗ ಅದರ ಜಾಗಕ್ಕೆ ಡೈಪರ್ ಬರುತ್ತಿದೆ.

ಅಮೆರಿಕವೂ ಮೊದಲಿಂದ ತಡ ಮಾಡುತ್ತಿದ್ದ ದೇಶವಲ್ಲ. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಹಂಚುತ್ತಿದ್ದ ಶಿಶುಪಾಲನೆಯ ಪುಸ್ತಿಕೆಗಳು ಮೊದಲ ಕೆಲವು ತಿಂಗಳಲ್ಲೇ, ಗಡಿಯಾರ ನೋಡಿಕೊಂಡು ಕೂರಿಸಿ ಅನ್ನುತ್ತಿದ್ದವು. ಆ ಕಟ್ಟುನಿಟ್ಟು ಅತಿಯಾಯಿತು, ಮಕ್ಕಳಿಗೆ ಬಲವಂತವಾಯಿತು. 1962ರಲ್ಲಿ ಬ್ರೇಜಲ್ಟನ್ ಅನ್ನುವ ಮಕ್ಕಳ ವೈದ್ಯರು, ಮಗು ಸಿದ್ಧವಾಗುವವರೆಗೆ ಕಾಯಿರಿ ಅನ್ನುವ ಕ್ರಮವನ್ನು 1,170 ಮಕ್ಕಳ ದಾಖಲೆ ಇಟ್ಟುಕೊಂಡು ಮಂಡಿಸಿದರು. ಅವರ ಮಕ್ಕಳು ಹಗಲಿನ ಮಟ್ಟಿಗೆ ಸರಿಹೋದ ಸರಾಸರಿ ವಯಸ್ಸು 28.5 ತಿಂಗಳು. ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1980ರ ದಶಕದಲ್ಲಿ ನೀರು ಹೀರುವ ಹರಳು ಡೈಪರ್ ಒಳಗೆ ಸೇರಿದ ಮೇಲೆ ಒದ್ದೆ ಅನ್ನುವುದು ಮಗುವಿಗೂ ತಿಳಿಯದು, ಎತ್ತಿಕೊಂಡವರಿಗೂ ತಿಳಿಯದು. 2002ರ ಹೊತ್ತಿಗೆ ಅಮೆರಿಕದ ಒಂದು ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳು ಹಗಲು ಒದ್ದೆಯಾಗದೆ ಇರತೊಡಗಿದ ವಯಸ್ಸು ಹುಡುಗಿಯರಿಗೆ 32.5 ತಿಂಗಳು, ಹುಡುಗರಿಗೆ 35. ಮಕ್ಕಳ ಮೂತ್ರಕೋಶ ನಲವತ್ತು ವರ್ಷದಲ್ಲಿ ಬದಲಾಗಲಿಲ್ಲ. ಬದಲಾದದ್ದು ಬಟ್ಟೆ, ನೆಲ, ಮತ್ತು ಹಗಲೆಲ್ಲ ಮಗುವಿನ ಪಕ್ಕ ಯಾರಿರುತ್ತಾರೆ ಅನ್ನುವುದು.

ಹಾಗಂತ ಬೇಗ ಕೂರಿಸಿದರೆ ಬೇಗ ಮುಗಿಯುತ್ತೆ ಅಂತಲೂ ನಂಬಬೇಡಿ. ಜೂರಿಕ್‌ನಲ್ಲಿ ಬೇರೆ ಬೇರೆ ಪೀಳಿಗೆಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ರೆಮೋ ಲಾರ್ಗೋ ಕಂಡದ್ದು ಇದು: ಮೊದಲ ವರ್ಷದಲ್ಲೇ ಕೂರಿಸಿದ ಪೀಳಿಗೆಗೂ ತಡವಾಗಿ ಕೂರಿಸಿದ ಪೀಳಿಗೆಗೂ ಮೂತ್ರದ ಹಿಡಿತ ಬಂದ ವಯಸ್ಸಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ತೊಟ್ಟಿಲಪಕ್ಕ:

ಮೇಲಿನವರು ಹೇಳಿದ, ಮಗುವನ್ನು ಕಾಲ ಮೇಲೆ ಕೂರಿಸುವ ಕ್ರಮವನ್ನು ಸರಿಯಾಗಿ ಬರೆದಿಡುತ್ತೇನೆ. ಊರಿನಿಂದ ಅತ್ತೆ, ಅಮ್ಮ ಬಂದಾಗ ಮಾತ್ರ ಕಲಿಯುವ ವಿದ್ಯೆ ಇದು.

ನೆಲದ ಮೇಲೆ ಅಥವಾ ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿ ಕೂರಿ. ಕಾಲು ಮುಂದಕ್ಕೆ ನೀಡಿ, ಮಂಡಿ ಸ್ವಲ್ಪ ಮೇಲೆತ್ತಿ. ಎರಡು ಪಾದಗಳ ನಡುವೆ ಅಂಗೈ ಅಗಲದ ಸಂದು ಬಿಡಿ, ಅಡಿಯಲ್ಲಿ ಹಳೆ ಪೇಪರ್ ಇರಲಿ. ಮಗುವಿನ ತೊಡೆಗಳು ನಿಮ್ಮ ಪಾದಗಳ ಮೇಲೆ, ಅಂಡು ಸಂದಿನ ಮೇಲೆ, ಬೆನ್ನು ನಿಮ್ಮ ಮೊಣಕಾಲ ಕೆಳಗಿನ ಇಳಿಜಾರಿಗೆ ಒರಗಿರಬೇಕು. ಎರಡೂ ಕೈ ಮಗುವಿನ ಕಂಕುಳ ಕೆಳಗೆ. ಆಗ ಮಗುವಿನ ಮಂಡಿ ಸೊಂಟಕ್ಕಿಂತ ಮೇಲೆ ಬಂದು ತಾನಾಗಿಯೇ ಕುಕ್ಕರಗಾಲಿನ ಭಂಗಿಯಾಗುತ್ತದೆ. ಗುದದ ದಾರಿ ನೇರವಾಗುವುದರಿಂದ ತಿಣುಕುವುದು ಕಡಿಮೆ. ಕತ್ತು ನಿಲ್ಲದ ಕೂಸಾದರೆ ತಲೆಗೂ ಆಸರೆ ಬೇಕು.

ಹೊತ್ತು ಮುಖ್ಯ. ನಿದ್ದೆಯಿಂದ ಎದ್ದ ತಕ್ಷಣ ಉಚ್ಚೆಗೆ. ಹಾಲು ಕುಡಿದು ಅಥವಾ ಗಂಜಿ ತಿಂದು 15ರಿಂದ 30 ನಿಮಿಷಕ್ಕೆ ಕಕ್ಕಕ್ಕೆ, ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. "ಸ್ಸ್" ಅನ್ನುವ ಸದ್ದನ್ನು ಮೊದಲ ವಾರ ಮಗು ನಿಜವಾಗಿ ಹೊಯ್ಯುತ್ತಿರುವಾಗ ಮಾತ್ರ ಮಾಡಿ. ಸದ್ದಿಗೂ ಕೆಲಸಕ್ಕೂ ನಂಟು ಕೂಡಿದ ಮೇಲೆ ಮುಂಚಿತವಾಗಿ ಮಾಡಬಹುದು. ಶುರುವಿನಿಂದಲೇ ಸುಮ್ಮನೆ ಸದ್ದು ಮಾಡುತ್ತಿದ್ದರೆ ಅದಕ್ಕೆ ಅರ್ಥವೇ ಹುಟ್ಟುವುದಿಲ್ಲ. ಎರಡು-ಮೂರು ನಿಮಿಷ ಸಾಕು. ಮಗು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅತ್ತರೆ ಅಲ್ಲಿಗೆ ಬಿಡಿ.

ತಪ್ಪುವುದು ಸಾಮಾನ್ಯವಾಗಿ ಹೀಗೆ: ಒದ್ದೆಯಾಗಬಾರದು ಅಂತ ಕಾಲು ಗಂಟೆಗೊಮ್ಮೆ ಹಿಡಿಯುತ್ತಾರೆ. ಹಾಗೆ ಮಾಡಿದರೆ ಮೂತ್ರಕೋಶ ತುಂಬುವ ಅನುಭವವೇ ಮಗುವಿಗೆ ಸಿಗುವುದಿಲ್ಲ. ಎರಡನೆಯದು, ಅಂಬೆಗಾಲು ಶುರುವಾದ ಮೇಲೆ ಚೆನ್ನಾಗಿ ಕೂರುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೂರಲೊಲ್ಲದು. ಅದಕ್ಕೆ ಓಡಾಟವೇ ಮುಖ್ಯವಾಗಿರುತ್ತದೆ. ಒಂದೆರಡು ವಾರ ಬಿಟ್ಟು ಮತ್ತೆ ಶುರು ಮಾಡಿದರೆ ಏನೂ ನಷ್ಟವಿಲ್ಲ.

ಡೈಪರ್ ಪೂರ್ತಿ ಬಿಡಬೇಕಿಲ್ಲ. ದಿನಕ್ಕೆ ಒಂದೆರಡು ಗಂಟೆ ತೆಳು ಹತ್ತಿಯ ಲಂಗೋಟಿ ಕಟ್ಟಿ. ಹಳೆ ಪಂಚೆಯನ್ನು ಮೂರು ಮೂಲೆಯಾಗಿ ಮಡಚಿ, ಹಿಂದಿನಿಂದ ಕಾಲ ಸಂದಿಯಲ್ಲಿ ತಂದು ಉಡಿದಾರಕ್ಕೆ ಸಿಕ್ಕಿಸಿದರಾಯಿತು. ಒದ್ದೆಯಾದ ಕೂಡಲೇ ಇಬ್ಬರಿಗೂ ಗೊತ್ತಾಗುತ್ತದೆ, ಕಲಿಕೆ ನಡೆಯುವುದು ಅಲ್ಲೇ. ಹಾಸಿಗೆ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಟ್ಟೆ. ರಬ್ಬರು ನೇರ ಮೈಗೆ ತಾಗಿದರೆ ಬೆವರಿ ಗುಳ್ಳೆ ಏಳುತ್ತವೆ.

ಇನ್ನೊಂದು, ಇದನ್ನು ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ. "ಕೂಸಿನ ಕಕ್ಕ ಏನೂ ಹೊಲಸಲ್ಲ" ಅನ್ನುವ ನಂಬಿಕೆ ತಪ್ಪು. ಅದರಿಂದಲೂ ವಾಂತಿಭೇದಿಯ ರೋಗಾಣು ಹರಡುತ್ತದೆ. ಮೋರಿಗೋ ತಿಪ್ಪೆಗೋ ಎಸೆಯದೆ ಕಕ್ಕಸಿಗೆ ಹಾಕಿ ನೀರು ಸುರಿಯಿರಿ, ತೊಳೆಸಿದವರು ಸೋಪು ಹಚ್ಚಿ ಕೈ ತೊಳೆಯಲಿ.

ದೂರದೂರಿನ ಅಮ್ಮ:

ತುಂಬಾ ಉಪಯೋಗ ಆಯ್ತು. ಮಲಬದ್ಧತೆ ಬಗ್ಗೆ ಯಾರಾದರೂ ಹೇಳ್ತೀರಾ? ಮತ್ತೆ, ತಾನಾಗೇ ಹೋಗೋದನ್ನ ಕಲಿಸೋಕೆ ಸರಿಯಾದ ಸಮಯ ಯಾವುದು?

ಮಕ್ಕಳ ವಾರ್ಡು:

ಮೊದಲು ಮಲಬದ್ಧತೆ, ಯಾಕಂದ್ರೆ ಕಲಿಕೆ ಕೆಡೋದು ಹೆಚ್ಚಾಗಿ ಇಲ್ಲೇ. ಬೇಗ ಕೂರಿಸಿದ್ದರಿಂದಲೇ ಮಲ ಕಟ್ಟುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. 2003ರ ಅಮೆರಿಕದ ಅಧ್ಯಯನವೂ ಅದನ್ನೇ ಹೇಳಿತು. ಅದರಲ್ಲಿ 27 ತಿಂಗಳಿಗೆ ಮುಂಚೆ ಪಟ್ಟುಹಿಡಿದು ಕಲಿಸಿದವರಿಗೆ ದಿನಗಳು ಹೆಚ್ಚು ಹಿಡಿದವು, ಲಾಭ ಅಷ್ಟಾಗಿ ಕಾಣಲಿಲ್ಲ. ಕೆಡುಕು ಬಲವಂತದಲ್ಲಿದೆ.

ಅದು ಬೆಳೆಯುವ ಬಗೆ ಹೀಗೆ. ಒಂದು ದಿನ ಗಟ್ಟಿ ಮಲ ಹೋಗುವಾಗ ನೋಯುತ್ತದೆ. ಮರುದಿನ ಮಗು ತಡೆಹಿಡಿಯುತ್ತದೆ. ಒಳಗೆ ನಿಂತ ಮಲದಿಂದ ಕರುಳು ನೀರನ್ನು ಇನ್ನಷ್ಟು ಹೀರುತ್ತದೆ, ಮಲ ಕಲ್ಲಾಗುತ್ತದೆ, ಗುದನಾಳ ಹಿಗ್ಗಿ "ಬಂದಿದೆ" ಅನ್ನುವ ಅರಿವೇ ಮಂಕಾಗುತ್ತದೆ. ಕೊನೆಗೆ ಆ ಗಟ್ಟಿ ಮಲದ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಹೊಲಸಾಗುತ್ತದೆ. ಅದನ್ನು ಭೇದಿ ಅಂತಲೋ ಸೋಮಾರಿತನ ಅಂತಲೋ ತಿಳಿದು ಬೈಯುತ್ತಾರೆ. ಗೋಡೆ ಹಿಡಿದು ತುದಿಗಾಲಲ್ಲಿ ನಿಂತು, ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಳ್ಳುವ ಮಗು ಮುಕ್ಕುತ್ತಿದೆ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಬಿಗಿಹಿಡಿಯುತ್ತಿರುತ್ತದೆ.

ಹಾಗಾದಾಗ ಪಾಟಿ ಟ್ರೈನಿಂಗ್ ನಿಲ್ಲಿಸಿ, ಡೈಪರ್ ಕೇಳಿದರೆ ಕೊಡಿ. ಮಲ ಮೆತ್ತಗಾಗುವ ಔಷಧಿ ವೈದ್ಯರಿಂದ ಬರೆಸಿ. ಎರಡು ದಿನ ಸರಿಹೋಯಿತು ಅಂತ ಬಿಡಬೇಡಿ, ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳೇ ಬೇಕು. ಎರಡು ವರ್ಷದ ಮಗುವಿಗೆ ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ, ಹಾಲಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಯಾವುದೂ ಒಳಗೆ ಹೋಗಲ್ಲ. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಹಾಕುವುದು, ಸೋಪಿನ ತುಂಡು ಹಾಕುವುದು ಬೇಡವೇ ಬೇಡ. ಗಾಯವಾಗುತ್ತದೆ, ಆ ಜಾಗದ ಬಗ್ಗೆ ಮಗುವಿಗೆ ಭಯ ಕೂರುತ್ತದೆ.

ತಾನಾಗಿ ಹೋಗುವುದನ್ನು ಕಲಿಸಲು ವಯಸ್ಸಿಗಿಂತ ಗುರುತು ನೋಡಿ. ಎರಡು ಗಂಟೆ ಒದ್ದೆಯಾಗದೆ ಇರುತ್ತದೆಯೇ, "ಚೆಂಡು ತಗೊಂಡು ಬಾ" ಅಂದರೆ ತರುತ್ತದೆಯೇ, ಕಕ್ಕ ಬಂದಾಗ ಪರದೆ ಹಿಂದೆ ಹೋಗಿ ನಿಲ್ಲುತ್ತದೆಯೇ, ಚಡ್ಡಿ ಎಳೆದುಕೊಳ್ಳಲು ನೋಡುತ್ತದೆಯೇ. ಇವು 18 ತಿಂಗಳಿಂದ ಎರಡೂವರೆ ವರ್ಷದೊಳಗೆ ಕಾಣಿಸತೊಡಗುತ್ತವೆ. ಕಂಡ ಮೇಲೂ ಸುಮ್ಮನೆ ಮುಂದೂಡುವುದು ನನಗೆ ಸರಿ ಕಾಣದು.

ಎಲಾಸ್ಟಿಕ್ ಚಡ್ಡಿ 8-10 ಇಟ್ಟುಕೊಳ್ಳಿ. ಗುಂಡಿ, ಜಿಪ್ಪು ಬೇಡ. ನೆಲಕ್ಕೆ ಪಾದ ಪೂರ್ತಿ ಊರುವಷ್ಟು ಗಿಡ್ಡ ಪಾಟಿ ಚೇರ್ ತನ್ನಿ. ಕಮೋಡ್ ಆದರೆ ಮಕ್ಕಳ ಸೀಟಿನ ಜತೆಗೆ ಕಾಲಿಗೊಂದು ಸ್ಟೂಲು, ಕಾಲು ನೇತಾಡುತ್ತಿದ್ದರೆ ಮುಕ್ಕಲು ಬಲವೇ ಸಿಗದು. ತಿಂಡಿ, ಊಟ ಆದ ಮೇಲೆ ಒಂದೊಂದು ಸಲ, ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಗಂಡುಮಗುವನ್ನೂ ಮೊದಲು ಕೂರಿಸಿಯೇ ಕಲಿಸಿ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಇಲ್ಲವಾದರೆ ಮೂತ್ರದ ಸೋಂಕು. ಪೈಪಿನ ಜೋರು ನೀರಿಗೆ ಮಕ್ಕಳು ಹೆದರುತ್ತವೆ, ಮಗ್ಗಿನ ನೀರು ಒಳ್ಳೆಯದು. ಫ್ಲಶ್ ಸದ್ದಿಗೂ ಹೆದರುವುದುಂಟು, ಮಗು ಹೊರಗೆ ಬಂದ ಮೇಲೆ ಒತ್ತಿ.

ರಾತ್ರಿಯದು ಬೇರೆಯೇ ವಿಷಯ. ಮೂತ್ರಕೋಶ ಹಿಡಿಯುವ ಪ್ರಮಾಣದ ಅಂದಾಜು ಲೆಕ್ಕ: ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿ, ಬಂದದ್ದು ಮಿಲಿಲೀಟರ್. 2 ವರ್ಷಕ್ಕೆ 90, 5 ವರ್ಷಕ್ಕೆ 180. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತವೆ, ಬೈದರೆ ನಿಲ್ಲುವುದಲ್ಲ. ಆದರೆ ಹನಿಹನಿಯಾಗಿ ಮಾತ್ರ ಉಚ್ಚೆ ಹೋಗುವುದು, ಹೊಯ್ಯುವಾಗ ಅಳುವುದು, ಸದಾ ತೇವ ಇರುವುದು, ಅಥವಾ ಆರು ತಿಂಗಳು ಸರಿಯಿದ್ದ ಮಗು ಮತ್ತೆ ಒದ್ದೆ ಮಾಡಿಕೊಂಡು ತುಂಬಾ ನೀರು ಕೇಳುವುದು ಕಂಡರೆ ತಡ ಮಾಡದೆ ತೋರಿಸಿ. ಕೊನೆಯದು ಸಕ್ಕರೆ ಕಾಯಿಲೆಯ ಗುರುತಿರಬಹುದು.

ಹಿತ್ತಲಮಾತು:

ಡೇಕೇರ್ ಬಗ್ಗೆ ಒಂದು ಮಾತು. ಹಿಂದಿನ ಪೂರ್ವ ಜರ್ಮನಿಯ ಶಿಶುವಿಹಾರಗಳಲ್ಲಿ ಉದ್ದನೆಯ ಪಾಟಿ ಬೆಂಚಿನ ಮೇಲೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸುತ್ತಿದ್ದರು. ಫ್ರಾನ್ಸಿನಲ್ಲಿ 3 ವರ್ಷಕ್ಕೆ ಶಾಲೆ, ಅಷ್ಟರೊಳಗೆ ಡೈಪರ್ ಬಿಟ್ಟಿರಬೇಕು ಅನ್ನುವ ನಿರೀಕ್ಷೆ ಇದೆ. ಎಲ್ಲ ಕಡೆಯೂ ಗಡುವನ್ನು ಇಡುವುದು ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ನಿಮ್ಮ ಡೇಕೇರಿನಲ್ಲಿ ಮೂರು ವಿಷಯ ಕೇಳಿ: ಪಾಟಿ ಚೇರ್ ಇಡುತ್ತಾರಾ, ಎದ್ದಾಗ ಮತ್ತು ಊಟದ ಮೇಲೆ ಕೂರಿಸುತ್ತಾರಾ, "ಸೂಸು", "ಕಕ್ಕ" ಅಂದರೆ ಏನು ಅಂತ ಅವರಿಗೆ ಗೊತ್ತಾ. ಈ ಮೂರನೆಯದನ್ನು ಜನ ಮರೆಯುತ್ತಾರೆ. ಮಗು ಕನ್ನಡದಲ್ಲಿ ಹೇಳುತ್ತಿರುತ್ತದೆ, ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಎರಡು ಪದವನ್ನೂ, ಮಗು ಮಾಡುವ ಕೈಸನ್ನೆಯನ್ನೂ ಚೀಟಿಯಲ್ಲಿ ಬರೆದು ಬ್ಯಾಗಿಗೆ ಅಂಟಿಸಿ ಕಳಿಸಿ. ಸದ್ಯಕ್ಕೆ ಬೆಳಿಗ್ಗೆ ಎದ್ದಾಗ ಒಂದು ಸಲ, ಸಂಜೆ ಊಟದ ಮೇಲೆ ಒಂದು ಸಲ ಅತ್ತೆಯವರೇ ಕೂರಿಸಲಿ, ಉಳಿದ ಹೊತ್ತು ಡೈಪರ್ ಇರಲಿ.